ಅಗ್ಗದ ಬೋರ್ಡಿನಲ್ಲಿ ಓವರ್‌ಕ್ಲಾಕಿಂಗ್: ವೇಗ ಏರಿಸುವ ಮೊದಲು ವೋಲ್ಟೇಜ್ ಇಳಿಸಿ

ಹೊಸ ಟವರ್ ಕೂಲರ್ ಕೂರಿಸಿ ವಾರವಾಗಿತ್ತು. ಪ್ರೊಸೆಸರ್‌ನ ತಾಪ ಎಂಬತ್ತೈದರಿಂದ ಎಪ್ಪತ್ತಕ್ಕೆ ಇಳಿದದ್ದನ್ನು ನೋಡಿ ಬೀಗುತ್ತಿದ್ದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ವೀಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ ಊಟ ಮುಗಿಸಿ ಬಂದರೆ, ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆಯಾದರೂ ಅರ್ಧ ದಾರಿಯಲ್ಲೇ ಇತ್ತು. ಮೌಸ್ ಕೂಡ ತೆವಳುತ್ತಿತ್ತು. ಓವರ್‌ಕ್ಲಾಕ್ ಮಾಡಿ, ಅಂದರೆ ತಯಾರಕರು ನಿಗದಿ ಮಾಡಿದ್ದಕ್ಕಿಂತ ವೇಗ ಏರಿಸಿ, 4 ಗಿಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದ ನನ್ನ ರೈಜೆನ್ ಪ್ರೊಸೆಸರ್ 550 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ವಿಚಿತ್ರವೆಂದರೆ ಪ್ರೊಸೆಸರ್ ತಾಪ ಐವತ್ತು ಡಿಗ್ರಿಯನ್ನೂ ದಾಟಿರಲಿಲ್ಲ.

ಬೆಂದಿದ್ದು ಪ್ರೊಸೆಸರ್ ಅಲ್ಲ, ಮದರ್‌ಬೋರ್ಡಿನ ಮೇಲಿದ್ದು ಅದಕ್ಕೆ ವಿದ್ಯುತ್ ಉಣಿಸುವ ವಿಆರ್‌ಎಂ. ಪ್ರೊಸೆಸರ್ ಜೊತೆಗೇ ಬಂದಿದ್ದ ಕುಳ್ಳ ಕೂಲರ್ ಗಾಳಿಯನ್ನು ಬೋರ್ಡಿನ ಕಡೆಗೆ ಊದುತ್ತಿತ್ತು. ಅಂಚಿನಿಂದ ಹೊರಬಿದ್ದ ಗಾಳಿ ಸುತ್ತಲಿನ ಮಾಸ್‌ಫೆಟ್‌ಗಳನ್ನೂ (ವಿಆರ್‌ಎಂನ ವಿದ್ಯುತ್ ಸ್ವಿಚ್‌ಗಳು) ತಂಪಾಗಿಡುತ್ತಿತ್ತು. ಟವರ್ ಕೂಲರ್ ಬೋರ್ಡಿಗೆ ಸಮಾನಾಂತರವಾಗಿ ಊದುವುದರಿಂದ ಆ ಗಾಳಿ ನಿಂತೇಹೋಯಿತು. ನನ್ನ ಬೋರ್ಡಿನ ಮಾಸ್‌ಫೆಟ್‌ಗಳ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಕೂಡ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಮೂರು ಸಾವಿರ ಖರ್ಚು ಮಾಡಿ ಕಾಯಿಲೆಯನ್ನು ಹೆಚ್ಚಿಸಿಕೊಂಡಿದ್ದೆ.

ಅಗ್ಗದ ಬೋರ್ಡಿನಲ್ಲಿ ಓವರ್‌ಕ್ಲಾಕ್ ಮಾಡುವವರಿಗೆ ಎಲ್ಲೆ ಕಟ್ಟುವುದು ಬಹುತೇಕ ಚಿಪ್ ಅಲ್ಲ, ಬೋರ್ಡು. ಹಾಗಾಗಿ ಇಲ್ಲಿ ಹೇಳುವ ಕ್ರಮವೂ ತುಸು ತಲೆಕೆಳಗು: ಮೊದಲು ವೋಲ್ಟೇಜ್ ಎಷ್ಟು ಇಳಿಯುತ್ತದೆಂದು ಕಂಡುಕೊಂಡು, ಆ ಉಳಿತಾಯದೊಳಗೆ ವೇಗ ಏರಿಸುವುದು. ಉದಾಹರಣೆಗೆ ನನ್ನ ಬಳಿ ಇರುವ ಎಎಂಡಿ ರೈಜೆನ್ 5 2600 ಮತ್ತು ಬಿ450 ಬೋರ್ಡನ್ನೇ ತೆಗೆದುಕೊಳ್ಳುತ್ತೇನೆ. 2018ರ ಏಪ್ರಿಲ್‌ನಲ್ಲಿ ಬಂದ ಆರು ಕೋರ್, ಹನ್ನೆರಡು ಥ್ರೆಡ್‌ಗಳ ಚಿಪ್ ಇದು. ಮೂಲ ವೇಗ 3.4, ಗರಿಷ್ಠ 3.9 ಗಿಗಾಹರ್ಟ್ಸ್. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಜಾಗವಿದೆ, ಇದರ ಅಣ್ಣ 1600ಕ್ಕೆ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದನ್ನು ನೆನಪಿಡುವುದು ಒಳ್ಳೆಯದು.

ನಿಮ್ಮ ಬೋರ್ಡು ಒಪ್ಪುತ್ತದೆಯೇ?

ಎಎಂಡಿಯಲ್ಲಿ ಎಎಂ4 ಸಾಕೆಟ್‌ನ ರೈಜೆನ್ ಚಿಪ್‌ಗಳ ಬೀಗ ಬಹುಮಟ್ಟಿಗೆ ತೆರೆದೇ ಇರುತ್ತದೆ, 5800ಎಕ್ಸ್3ಡಿಯಂಥ ಅಪವಾದಗಳಿವೆ. ಆದರೆ ಬೋರ್ಡಿನ ಚಿಪ್‌ಸೆಟ್ ಎ320 ಅಥವಾ ಎ520 ಆಗಿದ್ದರೆ ಪ್ರೊಸೆಸರ್ ಓವರ್‌ಕ್ಲಾಕಿಂಗ್‌ನ ಆಸೆ ಬಿಡಿ, ರ‍್ಯಾಮ್ ಭಾಗವನ್ನು ಮಾತ್ರ ಓದಿ. ಬಿ350, ಬಿ450, ಬಿ550 ಇದ್ದರೆ ಮುಂದುವರಿಯಬಹುದು. ಇಂಟೆಲ್‌ನ ಲೆಕ್ಕ ಬೇರೆ: ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಕೆ’ ಇರುವ ಪ್ರೊಸೆಸರ್ ಬೇಕು, ಜೊತೆಗೆ ‘ಝಡ್’ ಸಾಲಿನ ಬೋರ್ಡೂ ಬೇಕು. ಎರಡನ್ನೂ ಕೊಂಡ ಮೇಲೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಪ್ರೊಸೆಸರ್ ಸಾಕೆಟ್‌ನ ಎಡಕ್ಕೂ ಮೇಲಕ್ಕೂ ನೋಡಿ. ಬೂದು ಬಣ್ಣದ ಚೌಕ ಡಬ್ಬಿಗಳ ಸಾಲು ಕಾಣುತ್ತದೆ, ಅವು ಚೋಕ್‌ಗಳು. ಅವುಗಳ ಪಕ್ಕದ ಚಪ್ಪಟೆ ಕಪ್ಪು ಚಿಪ್‌ಗಳು ಮಾಸ್‌ಫೆಟ್‌ಗಳು. ಅವುಗಳ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದರೆ ನಿಮ್ಮ ಅದೃಷ್ಟ. ಬರಿಮೈಯಲ್ಲಿದ್ದರೆ ಇಲ್ಲಿರುವ ಪ್ರತಿ ಅಂಕಿಯಿಂದಲೂ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಪೆಟ್ಟಿಗೆಯ ಮೇಲೆ ಬರೆದ ‘ಎಂಟು ಫೇಸ್’ (ಹೊರೆ ಹಂಚಿಕೊಳ್ಳುವ ವಿಆರ್‌ಎಂ ಸಾಲುಗಳು) ಮುಂತಾದ ಜಾಹೀರಾತನ್ನು ನಾನಂತೂ ನಂಬುವುದಿಲ್ಲ. ಎರಡೆರಡು ಭಾಗಗಳನ್ನು ಜೋಡಿಸಿ ಫೇಸ್‌ಗಳ ಎಣಿಕೆಯನ್ನು ದುಪ್ಪಟ್ಟು ತೋರಿಸುವ ಚಾಳಿ ಇದೆ.

ಲಾಭ ಎಷ್ಟು, ಬಿಸಿ ಎಷ್ಟು

1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್‌ನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಸಾಕು, 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಐವತ್ತು ಶೇಕಡಾ ಲಾಭ, ಪುಕ್ಕಟೆ. ಆ ಕಾಲ ಮುಗಿಯಿತು. ಇಂದಿನ ಚಿಪ್‌ಗಳು ಕಾರ್ಖಾನೆಯಿಂದಲೇ ತಮ್ಮನ್ನು ತಾವು ಹಿಂಡಿಕೊಂಡು ಬರುತ್ತವೆ. 2600ರ ಎಲ್ಲ ಕೋರ್‌ಗಳೂ ದುಡಿಯುವಾಗ ಅದು ತಾನಾಗಿಯೇ 3.6ರ ಆಸುಪಾಸಿನಲ್ಲಿ ಓಡುತ್ತದೆ. ನಾವು 3.9 ಅಥವಾ 4.0ಕ್ಕೆ ಒಯ್ದರೆ ಎಲ್ಲ ಕೋರ್ ಬಳಸುವ ಕೆಲಸಗಳಲ್ಲಿ ಎಂಟರಿಂದ ಹನ್ನೊಂದು ಶೇಕಡಾ ಸಿಗುತ್ತದೆ. ಒಂದೇ ಕೋರ್ ಬಳಸುವ ಕೆಲಸಕ್ಕೆ ಹೆಚ್ಚೇನೂ ಇಲ್ಲ. ಅದು ಆಗಲೇ 3.9 ಮುಟ್ಟುತ್ತಿರುತ್ತದೆ.

ಚಿಪ್ ಕುಡಿಯುವ ವಿದ್ಯುತ್ತು ವೇಗದ ಜೊತೆ ನೇರವಾಗಿಯೂ ವೋಲ್ಟೇಜಿನ ಜೊತೆ ಅದರ ವರ್ಗದಷ್ಟೂ ಏರುತ್ತದೆ. 3.6 ಗಿಗಾಹರ್ಟ್ಸ್‌ಗೆ 1.20 ವೋಲ್ಟ್‌ನಲ್ಲಿ 80 ವ್ಯಾಟ್ ಎಂದಿಟ್ಟುಕೊಳ್ಳಿ. 3.9ನ್ನು 1.25 ವೋಲ್ಟ್‌ನಲ್ಲಿ ಓಡಿಸಿದರೆ ಸುಮಾರು 94 ವ್ಯಾಟ್. 4.0ಕ್ಕೆಂದು 1.35 ವೋಲ್ಟ್ ಕೊಟ್ಟರೆ 112 ವ್ಯಾಟ್. ಕೊನೆಯ 100 ಮೆಗಾಹರ್ಟ್ಸ್‌ಗೆ 18 ವ್ಯಾಟ್ ತೆತ್ತ ಹಾಗಾಯಿತು. ಮಾಸ್‌ಫೆಟ್‌ಗಳ ಮೂಲಕ ಹರಿಯುವ ಕರೆಂಟು 67 ಆಂಪಿಯರ್‌ನಿಂದ 83ಕ್ಕೆ ಏರುತ್ತದೆ. ಅವುಗಳ ರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಹೆಚ್ಚುವುದರಿಂದ ಅದು ಒಂದೂವರೆ ಪಟ್ಟಾಗುತ್ತದೆ. ನನ್ನ ಬೋರ್ಡು ಆ ಮಧ್ಯಾಹ್ನ ಮಲಗಿದ್ದು ಇದೇ ಲೆಕ್ಕದಿಂದ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮಾಮೂಲಿ ಸ್ಥಿತಿಯಲ್ಲಿ 65 ವ್ಯಾಟ್ ದರ್ಜೆಯ 2600 ತಾನು ಎಳೆಯುವ ವಿದ್ಯುತ್ತಿಗೆ 88 ವ್ಯಾಟ್‌ನ ಕಡಿವಾಣ ಹಾಕಿಕೊಂಡಿರುತ್ತದೆ. ನೀವು ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಗಳಲ್ಲಿ, ವೇಗವನ್ನು ಕೈಯಾರೆ ನಿಗದಿ ಮಾಡಿದ ಕ್ಷಣ ಆ ಕಡಿವಾಣ ಕಳಚುತ್ತದೆ. ಆಮೇಲೆ ಹೊಣೆ ನಿಮ್ಮದು.

ಮೊದಲ ದಿನ: ಏನನ್ನೂ ಏರಿಸಬೇಡಿ

ಮುಖ್ಯ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಕೂಲರ್‌ನ ಧೂಳು ತೆಗೆಯಿರಿ. ಥರ್ಮಲ್ ಪೇಸ್ಟ್ ಹಚ್ಚಿ ಮೂರ್ನಾಲ್ಕು ವರ್ಷವಾಗಿದ್ದರೆ ಹೊಸದು ಹಚ್ಚಿ. ಎಎಂ4ನಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರ್ ಪಿನ್ ಸಮೇತ ಕಿತ್ತು ಬರುವುದುಂಟು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಆಫ್ ಮಾಡಿ, ಬಿಸಿಯಿರುವಾಗಲೇ ಕೂಲರನ್ನು ಆಚೀಚೆ ತಿರುಚಿ ಬಿಡಿಸಿ.

ಬಯಾಸ್ ಹಳೆಯದಾಗಿದ್ದರೆ ಬೋರ್ಡ್ ತಯಾರಕರ ತಾಣದಿಂದ ಹೊಸದನ್ನು ಪೆನ್‌ಡ್ರೈವ್‌ಗೆ ಇಳಿಸಿ ಹಾಕಿ. ಆ ಐದು ನಿಮಿಷ ಕರೆಂಟು ಹೋಗಬಾರದು, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಲೋಡ್ ಶೆಡ್ಡಿಂಗ್ ವೇಳೆ ನಿಮಗೇ ಗೊತ್ತಿರುತ್ತದೆ.

ಆಮೇಲೆ ತಾಪ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್‌ಫೋ64, ವೇಗ ಅಳೆಯುವ ಸಿನೆಬೆಂಚ್ ಆರ್23, ಪ್ರೊಸೆಸರನ್ನು ಪೂರ್ತಿ ದಣಿಸುವ ಪ್ರೈಮ್95 ಇಳಿಸಿಕೊಳ್ಳಿ; ಮೂರೂ ಉಚಿತ. ಸಿನೆಬೆಂಚ್‌ನ ಎಲ್ಲ ಕೋರ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಅಂಕ, ವೇಗ, ತಾಪ, ಪ್ಯಾಕೇಜ್ ಪವರ್, ವೋಲ್ಟೇಜ್ ಮತ್ತು ಕೋಣೆಯ ತಾಪವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಗದದ ನೋಟ್‌ಬುಕ್ಕೇ ಆಗಲಿ. ಕಂಪ್ಯೂಟರ್ ನೀಲಿ ಪರದೆ ತೋರಿದಾಗ ಅದರೊಳಗಿನ ಕಡತ ಉಪಯೋಗಕ್ಕೆ ಬರುವುದಿಲ್ಲ. ವೋಲ್ಟೇಜ್ ಓದುವಾಗ ‘ಎಸ್‌ವಿಐ2 ಟಿಎಫ್‌ಎನ್’ ಎಂದು ಬರೆದಿರುವ ಸಾಲನ್ನು ನೋಡಿ. ಸುಮ್ಮನಿದ್ದಾಗ ಅಲ್ಲಿ 1.4 ವೋಲ್ಟ್ ಕಂಡು ಗಾಬರಿಯಾಗಬೇಡಿ. ಒಂದು ಕೋರ್ ಕ್ಷಣಕಾಲ ಜಿಗಿಯುವಾಗ ಕರೆಂಟು ಅತ್ಯಲ್ಪ, ಅಲ್ಲಿ ಆ ವೋಲ್ಟೇಜ್ ಸಹಜ. ಆರೂ ಕೋರ್ ದುಡಿಯುವಾಗ ಎಷ್ಟಿದೆ ಎಂಬುದೇ ನಮಗೆ ಬೇಕಾದ ಅಂಕಿ.

ಕೊನೆಯದಾಗಿ, ಬೀಳುವ ಮೊದಲು ಏಳುವುದನ್ನು ಕಲಿಯಿರಿ. ಬೋರ್ಡಿನಲ್ಲಿ ‘ಕ್ಲಿಯರ್ ಸಿಮಾಸ್’ ಅಥವಾ ‘ಜೆಬ್ಯಾಟ್1’ ಎಂಬ ಎರಡು ಪಿನ್‌ಗಳು ಎಲ್ಲಿವೆ ಎಂದು ಕೈಪಿಡಿ ನೋಡಿ ಗುರುತಿಸಿ. ತಪ್ಪು ಸೆಟ್ಟಿಂಗ್‌ನಿಂದ ಪರದೆಯೇ ಬಾರದಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ) ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಪಿನ್ ಸಿಗದಿದ್ದರೆ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಹತ್ತು ನಿಮಿಷ ತೆಗೆದಿಡಿ. ಅದು ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ ಅವಿತಿರುತ್ತದೆ, ಅದೊಂದು ಹಣೆಬರಹ.

ರ‍್ಯಾಮ್: ಪುಕ್ಕಟೆ ಸಿಗುವುದನ್ನು ಮೊದಲು ಎತ್ತಿಕೊಳ್ಳಿ

ಆಟಗಳಿಗಾಗಿ ಓವರ್‌ಕ್ಲಾಕ್ ಮಾಡುವವರು ಇಲ್ಲೇ ನಿಂತರೂ ನಷ್ಟವಿಲ್ಲ. ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಬಯಾಸ್‌ನಲ್ಲಿ ಅದನ್ನು ಪೂರ್ತಿ ವೇಗಕ್ಕೆ ಒಯ್ಯುವ ಎಕ್ಸ್‌ಎಂಪಿ ಆನ್ ಮಾಡಲು ಯಾರಿಗೂ ನೆನಪಾಗಿರುವುದಿಲ್ಲ. ಎಎಂಡಿ ಬೋರ್ಡುಗಳಲ್ಲಿ ಇದಕ್ಕೆ ‘ಎ-ಎಕ್ಸ್‌ಎಂಪಿ’, ‘ಡಿಓಸಿಪಿ’ ಎಂಬ ಹೆಸರುಗಳೂ ಇವೆ. 2600ರಲ್ಲಿ ಕೋರ್‌ಗಳ ಗುಂಪುಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್‌ನ ವೇಗ ರ‍್ಯಾಮ್ ವೇಗಕ್ಕೆ ಕಟ್ಟಿಕೊಂಡಿದೆ, ಆದ್ದರಿಂದ ರ‍್ಯಾಮ್ ಏರಿದರೆ ಅದೂ ಏರುತ್ತದೆ. ಒಂದೇ 8 ಜಿಬಿ ಕಡ್ಡಿ ಹಾಕಿದ್ದರೆ ಅಂಥದ್ದೇ ಇನ್ನೊಂದನ್ನು ಕೊಳ್ಳಿ; ಬ್ಯಾಂಡ್‌ವಿಡ್ತ್ ದುಪ್ಪಟ್ಟಾಗುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕುವುದು ವಾಡಿಕೆ.

2600ಕ್ಕೆ ಅಧಿಕೃತ ಮಿತಿ 2933. ಅದಕ್ಕೂ ಮೇಲಿನ 3200 ಹೆಚ್ಚಿನ ಚಿಪ್‌ಗಳಲ್ಲಿ ಓಡುತ್ತದೆ, ಕೆಲವದರಲ್ಲಿ ಹಟ ಹಿಡಿಯುತ್ತದೆ. ಹಟ ಹಿಡಿದರೆ 3000ಕ್ಕೆ ಇಳಿದು ಮುಂದಕ್ಕೆ ಹೋಗಿ. ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ. ಒಂದೇ ಒಂದು ದೋಷ ಬಂದರೂ ಒಪ್ಪಬೇಡಿ. ಕೆಟ್ಟ ರ‍್ಯಾಮ್ ಸೆಟ್ಟಿಂಗ್ ಎಷ್ಟೋ ಸಲ ಕಂಪ್ಯೂಟರನ್ನು ಕೆಡವದೆಯೇ ಸದ್ದಿಲ್ಲದೆ ಕಡತಗಳನ್ನು ಹಾಳುಮಾಡುತ್ತದೆ. ಇದು ಪೂರ್ತಿ ಗಟ್ಟಿಯಾಗುವವರೆಗೆ ಪ್ರೊಸೆಸರ್ ಮುಟ್ಟಿದರೆ ಆಮೇಲೆ ತಪ್ಪು ಯಾರದೆಂದು ತಿಳಿಯದೆ ಒದ್ದಾಡುತ್ತೀರಿ.

ವೋಲ್ಟೇಜ್ ಇಳಿಸುವುದು, ವೇಗ ಏರಿಸುವುದು

ಬಯಾಸ್‌ಗೆ ಹೋಗಿ ‘ಸಿಪಿಯು ರೇಶಿಯೊ’ವನ್ನು 37ಕ್ಕೆ ಇಡಿ; 100 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ 3.7 ಗಿಗಾಹರ್ಟ್ಸ್. ಬೇಸ್ ಕ್ಲಾಕ್ 100ನ್ನು ಮುಟ್ಟಬೇಡಿ, ಅದನ್ನು ಏರಿಸಿದರೆ ಎಸ್‌ಎಸ್‌ಡಿಯ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕವೂ ಅಲುಗಾಡುತ್ತದೆ. ಪ್ರೊಸೆಸರ್ ವೋಲ್ಟೇಜನ್ನು ‘ಆಟೊ’ದಿಂದ ತಪ್ಪಿಸಿ 1.20ಕ್ಕೆ ಇಡಿ. ‘ಆಟೊ’ ಬಿಟ್ಟರೆ ಅಗ್ಗದ ಬೋರ್ಡುಗಳು ಬೇಡದಷ್ಟು ವೋಲ್ಟೇಜ್ ಸುರಿಯುವುದನ್ನು ನಾನು ಕಂಡಿದ್ದೇನೆ. ಕೆಲವು ಬೋರ್ಡುಗಳಲ್ಲಿ ನೇರ ವೋಲ್ಟೇಜ್ ಹಾಕುವ ಸೌಲಭ್ಯವಿರುವುದಿಲ್ಲ, ಕೂಡಿಸುವ ಅಥವಾ ಕಳೆಯುವ ‘ಆಫ್‌ಸೆಟ್’ ಮಾತ್ರ ಇರುತ್ತದೆ. ಅಂಥಲ್ಲಿ ಸ್ವಲ್ಪ ಕಳೆದು, ವಿಂಡೋಸ್‌ನಲ್ಲಿ ನಿಜವಾದ ಅಂಕಿ ಓದಿ, ಮತ್ತೆ ಬಂದು ತಿದ್ದಬೇಕು.

ಮನೆಯಲ್ಲಿ ಗ್ರೈಂಡರ್ ತಿರುಗಿದೊಡನೆ ಬಲ್ಬು ಮಂಕಾಗುವಂತೆ, ಪ್ರೊಸೆಸರ್ ಪೂರ್ತಿ ದುಡಿಯಲು ಹೊರಟಾಗ ಅದಕ್ಕೆ ಸಿಗುವ ವೋಲ್ಟೇಜ್ ಕುಸಿಯುತ್ತದೆ. ಅದನ್ನು ಎತ್ತಿಹಿಡಿಯುವ ಸೆಟ್ಟಿಂಗ್ ‘ಲೋಡ್ ಲೈನ್ ಕ್ಯಾಲಿಬ್ರೇಶನ್’. ಇದ್ದರೆ ನಡುವಣ ಹಂತಕ್ಕೆ ಇಡಿ. ತುತ್ತತುದಿಗೆ ಇಟ್ಟರೆ ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ನೀವು ಕೇಳಿದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ.

ಈಗ ಸಿನೆಬೆಂಚ್ ಹತ್ತು ನಿಮಿಷ. ಪಾಸಾದರೆ ವೋಲ್ಟೇಜನ್ನು 0.025ರಷ್ಟು ಇಳಿಸಿ, ಮತ್ತೆ ಓಡಿಸಿ. ಬೀಳುವವರೆಗೂ ಇಳಿಸುತ್ತ ಹೋಗಿ. ಬಿದ್ದ ಮೆಟ್ಟಿಲಿನಿಂದ ಒಂದು ಮೇಲೆ ಬಂದರೆ ಅದು 3.7ಕ್ಕೆ ನಿಮ್ಮ ಚಿಪ್‌ನ ಬೆಲೆ. ಅದನ್ನು ಬರೆದು 38ಕ್ಕೆ ಹೋಗಿ. ಈಗ ಪಾಸಾಗುವವರೆಗೆ 0.0125ರಂತೆ ಏರಿಸಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ನನ್ನ ನೋಟ್‌ಬುಕ್ಕಿನ ಪುಟದಲ್ಲಿರುವುದು: 3.7ಕ್ಕೆ 1.15, 3.8ಕ್ಕೆ 1.1875, 3.9ಕ್ಕೆ 1.25, 4.0ಕ್ಕೆ 1.325. 4.1 ಮುಂದೆ ಒಂದು ಅಡ್ಡಗೆರೆ ಮಾತ್ರ, 1.4 ಕೊಟ್ಟರೂ ನಿಲ್ಲಲಿಲ್ಲ.

ಇದೇ ಅಂಕಿಗಳನ್ನು ನಿಮ್ಮ ಚಿಪ್‌ಗೆ ಹಾಕಬೇಡಿ, ಪ್ರತಿ ಚಿಪ್‌ನ ಗುಣ ಬೇರೆ. ಆದರೆ ಏರುವ ರೀತಿ ನೋಡಿ. ಮೊದಲ ಮೆಟ್ಟಿಲಿಗೆ 0.0375, ಮುಂದಿನದಕ್ಕೆ 0.0625, ಅದರ ಮುಂದಿನದಕ್ಕೆ 0.075. ಪ್ರತಿ 100 ಮೆಗಾಹರ್ಟ್ಸ್ ಹಿಂದಿನದಕ್ಕಿಂತ ತುಟ್ಟಿಯಾಗುತ್ತ ಹೋಗುತ್ತದೆ. ಬೆಲೆ ಏಕಾಏಕಿ ಜಿಗಿಯುವ ಮೆಟ್ಟಿಲಿನ ಹಿಂದೆಯೇ ನಿಲ್ಲುವುದು ಅಗ್ಗದ ಬೋರ್ಡಿಗೆ ಒಗ್ಗುವ ಜಾಗ. ನನಗೆ ಅದು 3.9. ನಾಲ್ಕು ಎಂಬ ದುಂಡು ಸಂಖ್ಯೆಯ ಮೋಹ ಬಿಡಲು ನನಗೆ ಒಂದು ಬೇಸಿಗೆ ಬೇಕಾಯಿತು. 2600ರಲ್ಲಿ ಏನೇ ಆದರೂ ದಿನಬಳಕೆಗೆ 1.35 ವೋಲ್ಟ್ ದಾಟಬೇಡಿ. ಹೀಟ್‌ಸಿಂಕ್ ಇಲ್ಲದ ಬೋರ್ಡಿನಲ್ಲಿ 1.25ಕ್ಕೇ ನಿಲ್ಲಿಸಿ. 7 ನ್ಯಾನೊಮೀಟರ್‌ನ 3000 ಸಾಲಿನ ಚಿಪ್‌ಗಳಿಗೆ ಇನ್ನೂ ಕಡಿಮೆ ಇರಲಿ.

ನಂಬುವ ಮೊದಲು

ಸಿನೆಬೆಂಚ್ ಪಾಸಾಗುವುದೆಂದರೆ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಪಾಸಾದಂತೆ. ನಿಜವಾದ ಪರೀಕ್ಷೆ ಪ್ರೈಮ್95. ‘ಸ್ಮಾಲ್ ಎಫ್‌ಎಫ್‌ಟಿ’ ಆರಿಸಿ ಮೊದಲ ಇಪ್ಪತ್ತು ನಿಮಿಷ ಅಲ್ಲಿಂದ ಏಳದೆ ಕುಳಿತು ನೋಡಿ. ತಾಪ 85 ಡಿಗ್ರಿ ದಾಟಿದರೆ ನಿಲ್ಲಿಸಿ ಒಂದು ಮೆಟ್ಟಿಲು ಇಳಿಯಿರಿ. 2600ರ ಕೊನೆಯ ಮಿತಿ 95, ಅದರವರೆಗೆ ಹೋಗುವುದು ಬೇಡ. ಎಲ್ಲ ಸರಿಯಿದ್ದರೆ ಎರಡು ಮೂರು ಗಂಟೆ ಬಿಡಿ. ಹನ್ನೆರಡು ಥ್ರೆಡ್‌ಗಳಲ್ಲಿ ಒಂದೇ ಒಂದು ದೋಷ ತೋರಿ ನಿಂತರೂ ಆ ಸೆಟ್ಟಿಂಗ್ ಗಟ್ಟಿಯಲ್ಲ. ವೋಲ್ಟೇಜ್ 0.0125 ಏರಿಸಿ ಮತ್ತೆ ಮೊದಲಿನಿಂದ.

ಬೀಳುವ ಬಗೆಯೂ ಏನನ್ನೋ ಹೇಳುತ್ತದೆ. ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’ ಎಂಬ ನೀಲಿ ಪರದೆ ಬಂದರೆ ಸಾಮಾನ್ಯವಾಗಿ ಕೋರ್‌ಗೆ ವೋಲ್ಟೇಜ್ ಸಾಲದು. ಬೇರೆ ಬೇರೆ ಹೆಸರಿನ ನೀಲಿ ಪರದೆಗಳು ಸರದಿಯಂತೆ ಬಂದರೆ ನನಗೆ ಮೊದಲು ಅನುಮಾನ ರ‍್ಯಾಮ್ ಮೇಲೆ. ಪರದೆಯೇ ಕಪ್ಪಾಗಿ ಕಂಪ್ಯೂಟರ್ ಪೂರ್ತಿ ಆರಿದರೆ ಎಸ್‌ಎಂಪಿಎಸ್ ಕಡೆ ನೋಡಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ವ್ಹಿಯಾ ಲಾಗರ್’ ಎಂಬ ಹೆಸರಿನ ಸಾಲುಗಳಿದ್ದರೆ, ಕಂಪ್ಯೂಟರ್ ಬೀಳದಿದ್ದರೂ ಒಳಗೆ ಎಡವುತ್ತಿದೆ ಎಂದರ್ಥ.

ಇನ್ನು ವಿಆರ್‌ಎಂ. ಪ್ರೈಮ್95 ಓಡುವಾಗ ಪ್ರೊಸೆಸರ್ ತಾಪ ಸರಿಯಿದ್ದೂ ವೇಗ ಆಗಾಗ ದಢಾರನೆ ಕುಸಿಯುತ್ತಿದೆಯೇ? ಎಚ್‌ಡಬ್ಲ್ಯೂಇನ್‌ಫೋದಲ್ಲಿ ‘ಪ್ರೋಕ್‌ಹಾಟ್ ಎಕ್ಸ್‌ಟರ್ನಲ್’ ಸಾಲು ‘ಯೆಸ್’ ಎನ್ನುತ್ತಿದೆಯೇ? ಹಾಗಿದ್ದರೆ ಬೋರ್ಡು ಕೈಮುಗಿದು ಬೇಡಿಕೊಳ್ಳುತ್ತಿದೆ. ಅಗ್ಗದ ಬೋರ್ಡುಗಳಲ್ಲಿ ವಿಆರ್‌ಎಂ ತಾಪವನ್ನು ತೋರಿಸುವ ಸೆನ್ಸರ್ ಎಷ್ಟೋ ಸಲ ಇರುವುದೇ ಇಲ್ಲ, ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಗನ್ ಮನೆಯಲ್ಲಿದೆ ಎನ್ನುವಿರಾದರೆ, ಅದು ಜ್ವರದ ಅಳತೆ ದಾಟಿದೊಡನೆ ‘ಹೈ’ ಎಂದು ಸುಮ್ಮನಾಗುತ್ತದೆ. ವಸ್ತುಗಳ ತಾಪ ಅಳೆಯುವ ಮೋಡ್ ಇದ್ದರೂ ಅದರ ಮಿತಿ ನೋಡಿಕೊಳ್ಳಿ. ಕಪ್ಪು ಮಾಸ್‌ಫೆಟ್‌ಗೆ ಗುರಿಯಿಟ್ಟರೆ ಹೇಳುವ ಅಂಕಿ ಸರಿಯಿರುತ್ತದೆ, ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. 100 ಡಿಗ್ರಿಯ ಒಳಗಿರಲಿ, 90ರ ಒಳಗಿದ್ದರೆ ನೆಮ್ಮದಿ.

ನನ್ನ ಬೋರ್ಡಿಗೆ ಮದ್ದಾಗಿ ಸಿಕ್ಕಿದ್ದು ಹಳೆಯ ಕ್ಯಾಬಿನೆಟ್‌ನ 80 ಮಿಲಿಮೀಟರ್ ಫ್ಯಾನ್. ಅದನ್ನು ಕ್ಯಾಬಿನೆಟ್‌ನ ಮೇಲಂಚಿಗೆ ಕೇಬಲ್ ಟೈನಿಂದ ಬಿಗಿದು ಮಾಸ್‌ಫೆಟ್‌ಗಳ ಕಡೆಗೆ ತಿರುಗಿಸಿದ್ದೇನೆ. ಚೆಂದವಿಲ್ಲ, ಕೆಲಸ ಮಾಡುತ್ತದೆ. ಅಂಟಿಸುವ ಪುಟ್ಟ ಹೀಟ್‌ಸಿಂಕ್‌ಗಳೂ ಸಿಗುತ್ತವೆ. ಆದರೆ ಕ್ಯಾಬಿನೆಟ್ ನಿಂತಿರುವಾಗ ಬಿಸಿಗೆ ಅಂಟು ಬಿಟ್ಟುಕೊಂಡು ಒಂದು ಲೋಹದ ತುಂಡು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದರೆ ಏನಾಗಬಹುದೆಂದು ಯೋಚಿಸಿಯೇ ಹಾಕಿ.

5000 ಸಾಲಿನ ರೈಜೆನ್ ಇದ್ದವರಿಗೆ

5600ರಂಥ ಚಿಪ್ ಬಿ450 ಬೋರ್ಡಿನಲ್ಲಿದ್ದರೆ ಮೇಲಿನ ದಾರಿ ಬೇಡ. ವೇಗವನ್ನು ಒಂದೇ ಅಂಕಿಗೆ ಕಟ್ಟಿದರೆ ಒಂಟಿ ಕೋರ್‌ನ 4.4 ಗಿಗಾಹರ್ಟ್ಸ್ ಜಿಗಿತವನ್ನು ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಬಯಾಸ್‌ನಲ್ಲಿ ‘ಎಎಂಡಿ ಓವರ್‌ಕ್ಲಾಕಿಂಗ್’ ಪುಟಕ್ಕೆ ಹೋಗಿ, ಎಚ್ಚರಿಕೆಗೆ ಒಪ್ಪಿಗೆ ಕೊಟ್ಟು, ‘ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್’ ಅನ್ನು ‘ಅಡ್ವಾನ್ಸ್ಡ್’ಗೆ ಬದಲಿಸಿ. ಮಿತಿಗಳು ಎಂಬಲ್ಲಿ ‘ಮದರ್‌ಬೋರ್ಡ್’ ಎಂದು ಆರಿಸಬೇಡಿ. ಬೋರ್ಡು ತಾನು ಹೊರಲಾರದ ಭಾರವನ್ನೂ ಹೊರುತ್ತೇನೆಂದು ಹೇಳಿಕೊಳ್ಳಬಹುದು. ‘ಮ್ಯಾನುಯಲ್’ ಆರಿಸಿ ಪಿಪಿಟಿ (ಒಟ್ಟು ವ್ಯಾಟ್) 76, ಟಿಡಿಸಿ (ಸತತ ಕರೆಂಟು) 60, ಇಡಿಸಿ (ಕ್ಷಣಕಾಲದ ಗರಿಷ್ಠ ಕರೆಂಟು) 90 ಎಂಬ 5600ರ ಕಾರ್ಖಾನೆಯ ಅಂಕಿಗಳನ್ನೇ ಹಾಕಿ. ಕಡಿವಾಣ ಹಾಗೇ ಉಳಿಯಿತು.

ಪ್ರತಿ ವೇಗಕ್ಕೂ ಕೊಡುವ ವೋಲ್ಟೇಜನ್ನು ಇಳಿಸಬಲ್ಲ, ಅದರ ಕೆಳಗಿನ ‘ಕರ್ವ್ ಆಪ್ಟಿಮೈಸರ್’ನಲ್ಲಿ ಎಲ್ಲ ಕೋರ್‌ಗೂ ‘ನೆಗೆಟಿವ್ 10’ ಕೊಡಿ. ಅಷ್ಟೇ ವ್ಯಾಟ್‌ನಲ್ಲಿ ಚಿಪ್ ತಾನಾಗಿಯೇ ಹೆಚ್ಚು ವೇಗಕ್ಕೆ ಏರುವುದನ್ನು ಕಾಣುತ್ತೀರಿ. ವಾರದ ನಂತರ 15, ಆಮೇಲೆ 20. ಕೊನೆಯ ಗಡಿ 30, ಅಲ್ಲಿಗೆ ಎಲ್ಲ ಕೋರ್‌ಗಳೂ ತಲುಪುವ ಚಿಪ್ ಅದೃಷ್ಟವಂತರಿಗೆ ಮಾತ್ರ. ಇಲ್ಲಿ ಮೋಸವೊಂದಿದೆ: ಅತಿಯಾಗಿ ಇಳಿಸಿದ್ದರೆ ಭಾರದ ಪರೀಕ್ಷೆಯಲ್ಲಿ ಅದು ಬೀಳುವುದಿಲ್ಲ. ನೀವು ಬ್ರೌಸರ್ ತೆರೆದು ಸುದ್ದಿ ಓದುತ್ತಿರುವಾಗ ಸುಮ್ಮನೆ ರೀಸ್ಟಾರ್ಟ್ ಆಗುತ್ತದೆ. ಹಗುರ ಕೆಲಸದಲ್ಲೇ ಒಂಟಿ ಕೋರ್ ಅತಿ ಎತ್ತರಕ್ಕೆ ಜಿಗಿಯುವುದು, ಎಡವುವುದೂ ಅಲ್ಲೇ. ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುತ್ತದೆ, ರಾತ್ರಿ ಅದನ್ನು ಓಡಲು ಬಿಟ್ಟು ಮಲಗಿ.

ಎರಡೂ ದಾರಿಗೆ ಅನ್ವಯಿಸುವ ಮಾತು: ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಎಎಂಡಿಯ ವಾರಂಟಿ ಇಲ್ಲ, ಅವರದೇ ಓವರ್‌ಡ್ರೈವ್ ಬಳಸಿದರೂ ಇಲ್ಲ.

ಬೇಸಿಗೆ, ಮತ್ತು ಒಂದು ಫೋಟೊ

ಡಿಸೆಂಬರ್‌ನಲ್ಲಿ ಮಡಿಕೇರಿಯಲ್ಲಿ ಕುಳಿತು ಪಾಸು ಮಾಡಿಸಿದ ಸೆಟ್ಟಿಂಗ್ ಮೇ ತಿಂಗಳ ರಾಯಚೂರಿನಲ್ಲಿ ನಿಲ್ಲುತ್ತದೆಂಬ ಭರವಸೆ ಇಲ್ಲ. ಕೋಣೆ ಹದಿನೈದು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಒಳಗಿನ ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಪರೀಕ್ಷೆಯನ್ನು ಸಾಧ್ಯವಾದರೆ ಸೆಕೆಯ ಮಧ್ಯಾಹ್ನವೇ ಮಾಡಿ. ನಾನು ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಕೊಂಡಿದ್ದೇನೆ: ಮಾರ್ಚ್‌ನಿಂದ ಮೊದಲ ಮಳೆಯವರೆಗೆ 3.8, ಆಮೇಲೆ 3.9. ಯುಪಿಎಸ್ ಮೊದಲೇ ಉಸಿರುಗಟ್ಟಿ ನಡೆಯುತ್ತಿದ್ದರೆ ಹೆಚ್ಚುವರಿ ವ್ಯಾಟ್‌ಗಳನ್ನು ಅದರ ಲೆಕ್ಕಕ್ಕೂ ಸೇರಿಸಿ. ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ಬದಲು ಅದು ಕಿರುಚಿ ಆರಿಹೋಗಬಹುದು.

ಪ್ರೊಫೈಲ್ ಉಳಿಸಿದ ಮೇಲೆ ಬಯಾಸ್‌ನ ಪ್ರತಿ ಪುಟದ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಬಯಾಸ್ ಅಪ್‌ಡೇಟ್ ಮಾಡಿದಾಗ ಉಳಿಸಿದ ಪ್ರೊಫೈಲ್‌ಗಳು ಅಳಿಸಿಹೋಗುತ್ತವೆ, ಕೆಲವೊಮ್ಮೆ ಸೆಟ್ಟಿಂಗ್‌ಗಳ ಹೆಸರೂ ಜಾಗವೂ ಬದಲಾಗಿರುತ್ತವೆ.